ಔಷಧಕ್ಕೆ ಬಗ್ಗದ ಸೋಂಕು: ನಾಯಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ಯುವವರಿಗೆ ಒಂದು ಮಾರ್ಗದರ್ಶಿ

"ಹೋದ ಸಲ ಕೊಟ್ಟ ಮಾತ್ರೆ ನಾಟಲಿಲ್ಲ ಡಾಕ್ಟರೇ, ಈ ಸಲ ಇನ್ನೂ ಪವರ್ ಇರುವುದನ್ನು ಬರೆದುಕೊಡಿ." ಪಶುವೈದ್ಯೆಯಾಗಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು ಇದೇ ಇರಬೇಕು. ಆಂಟಿಬಯೋಟಿಕ್‌ಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದಿವೆ, ಕೆಳಗಿನದು ಕೆಲಸ ಮಾಡದಿದ್ದರೆ ಮೇಲಿನದು ಮಾಡಿಯೇ ಮಾಡುತ್ತದೆ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಅಂಥ ಏಣಿ ಇಲ್ಲ. ನಾಯಿಯ ಮೂತ್ರಕೋಶದಲ್ಲಿ ಎಂಟರೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿದ್ದರೆ ಹಳೆಯ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ ಚೆನ್ನಾಗಿ ನಾಟುತ್ತದೆ. ಅದಕ್ಕಿಂತ ದೊಡ್ಡದು ಎಂದು ಜನ ತಿಳಿದಿರುವ, ನಾಯಿಗಳಿಗೆ ಕೊಡುವ ಸೆಫಲೊಸ್ಪೊರಿನ್ ಗುಂಪಿನ ಯಾವ ಇಂಜೆಕ್ಷನ್ನೂ ಅದನ್ನು ಏನೂ ಮಾಡಲಾರದು. ಆ ಬ್ಯಾಕ್ಟೀರಿಯಾ ಹುಟ್ಟಿನಿಂದಲೇ ಆ ಗುಂಪಿಗೆ ಬಗ್ಗದ್ದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಾವುದು ಹೆಚ್ಚು ಪವರ್ ಎಂಬುದಲ್ಲ. ಒಳಗೆ ಯಾರಿದ್ದಾರೆ, ಎಲ್ಲಿದ್ದಾರೆ, ಏಕೆ ಮತ್ತೆ ಮತ್ತೆ ಬರುತ್ತಿದ್ದಾರೆ ಎಂಬುದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬದಿಗಿಡೋಣ. "ನಮ್ಮ ನಾಯಿಯ ಮೈ ಈ ಔಷಧಕ್ಕೆ ಒಗ್ಗಿಹೋಗಿದೆ" ಎನ್ನುತ್ತಾರೆ. ಒಗ್ಗಿರುವುದು ನಾಯಿಯ ಮೈ ಅಲ್ಲ, ಆ ಮೈಮೇಲಿರುವ ಬ್ಯಾಕ್ಟೀರಿಯಾ. ನಾಯಿಗಳ ಚರ್ಮದಲ್ಲಿ ಕೀವುಗುಳ್ಳೆ ತರುವ ಮುಖ್ಯ ಜೀವಿ ಸ್ಟ್ಯಾಫಿಲೊಕಾಕಸ್ ಸೂಡಿಂಟರ್‌ಮೀಡಿಯಸ್. 2005ರವರೆಗೆ ಅದಕ್ಕೆ ಈ ಹೆಸರೇ ಇರಲಿಲ್ಲ. ಹತ್ತಿರದ ಇನ್ನೊಂದು ಜಾತಿಯೆಂದೇ ಎಣಿಸುತ್ತಿದ್ದರು. ಆರೋಗ್ಯವಂತ ನಾಯಿಯ ಮೂಗು, ಬಾಯಿ, ಗುದದ ಸುತ್ತ ಅದು ಸುಮ್ಮನೆ ವಾಸವಾಗಿರುತ್ತದೆ. ಇದೇ ಜೀವಿ ಮೆಕ್-ಎ ಎಂಬ ಜೀನನ್ನು ಪಡೆದುಕೊಂಡರೆ ಕೋಶಭಿತ್ತಿ ಕಟ್ಟಲು ಅದಕ್ಕೆ ಬೇರೆ ಆಕಾರದ ಇನ್ನೊಂದು ಪ್ರೋಟೀನ್ ಸಿಗುತ್ತದೆ. ಆಗ ಪೆನಿಸಿಲಿನ್ ಮತ್ತು ಸೆಫಲೊಸ್ಪೊರಿನ್ ಗುಂಪಿನ ಔಷಧಗಳಿಗೆ ಹಿಡಿದುಕೊಳ್ಳಲು ಜಾಗವೇ ಸಿಗುವುದಿಲ್ಲ. ಲ್ಯಾಬ್ ವರದಿಗಳಲ್ಲಿ ಎಂಆರ್‌ಎಸ್‌ಪಿ ಎಂದು ಬರೆಯುವುದು ಇದನ್ನೇ. ಮೂತ್ರದ ಸೋಂಕಿನ ಇ. ಕೊಲೈ ಬೇರೆ ದಾರಿ ಹಿಡಿಯುತ್ತದೆ: ಇಎಸ್‌ಬಿಎಲ್ ಎಂಬ ಕಿಣ್ವಗಳಿಂದ ಔಷಧವನ್ನೇ ತುಂಡರಿಸುತ್ತದೆ. ಹಳೆಯ ಕಿವಿ ಸೋಂಕುಗಳಲ್ಲಿ ಮನೆ ಮಾಡುವ ಸ್ಯೂಡೊಮೊನಾಸ್ ಒಳಗೆ ಬಂದ ಔಷಧವನ್ನು ಪಂಪ್ ಮಾಡಿ ಹೊರಗೆಸೆಯುತ್ತದೆ, ಜೊತೆಗೆ ಲೋಳೆಯ ಪದರ ಕಟ್ಟಿಕೊಂಡು ಅದರೊಳಗೆ ಬೆಚ್ಚಗೆ ಕೂರುತ್ತದೆ. ಪ್ರತಿ ಸಲ ಅನವಶ್ಯಕವಾಗಿ ಮಾತ್ರೆ ಕೊಟ್ಟಾಗ ಬಡಪಾಯಿ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಇಂಥವಕ್ಕೆ ಜಾಗ ತೆರವಾಗುತ್ತದೆ.

ಹೆಜ್ಜೆ 1: ಇದು ಬ್ಯಾಕ್ಟೀರಿಯಾ ಸೋಂಕೇ?

ಕೆಂಪಾದ ಚರ್ಮ, ನಾರುವ ಕಿವಿ, ಕೆಮ್ಮು, ಭೇದಿ, ಇವು ಲಕ್ಷಣಗಳು. ಬ್ಯಾಕ್ಟೀರಿಯಾ ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ಕಿವಿಯಲ್ಲಿ ಕಂದು ಬಣ್ಣದ ಮೇಣದಂಥ ಕೊಳೆ ತುಂಬಿದ್ದರೆ ಅದು ಎಷ್ಟೋ ಸಲ ಮಲಸೀಝಿಯಾ ಎಂಬ ಯೀಸ್ಟ್‌ನ ಕೆಲಸ, ಅದಕ್ಕೆ ಆಂಟಿಬಯೋಟಿಕ್‌ನಿಂದ ಏನೂ ಆಗುವುದಿಲ್ಲ. ನಾಯಿಗಳು ಗುಂಪಾಗಿ ಸೇರುವೆಡೆ ಅಂಟಿಕೊಳ್ಳುವ ಕೆಮ್ಮಿನಲ್ಲಿ ನಾಯಿ ಚುರುಕಾಗಿದ್ದು, ಜ್ವರವಿಲ್ಲದೆ, ಊಟ ಮಾಡುತ್ತಿದ್ದರೆ ಹತ್ತು ದಿನದೊಳಗೆ ತಾನಾಗಿ ಗುಣವಾಗುವುದೇ ಹೆಚ್ಚು. ದಿಢೀರನೆ ಶುರುವಾದ ಭೇದಿಗೆ ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಬರೆಯುವುದು ಹಲವು ಕಡೆ ಕೈಗೆ ಅಂಟಿದ ಅಭ್ಯಾಸ. ಭೇದಿಯಲ್ಲಿ ರಕ್ತ ಕಂಡರೂ, ನಾಯಿಯ ಮೈಗೆಲ್ಲ ನಂಜು ಏರಿದ ಸೂಚನೆ ಇಲ್ಲದಿದ್ದರೆ, ಬೇಕಾಗುವುದು ದ್ರವ ಮತ್ತು ಆರೈಕೆ. ಕೀವು ಕಟ್ಟಿದ ಊತಕ್ಕೂ ಮೊದಲ ಚಿಕಿತ್ಸೆ ಅದನ್ನು ಸೀಳಿ ಕೀವು ಹರಿಸುವುದು.

ಮೂತ್ರದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆದರೂ ಚಿಕಿತ್ಸೆ ಬೇಡ ಎಂದು ವೈದ್ಯರು ಹೇಳಿದರೆ ಗಾಬರಿಯಾಗಬೇಡಿ. ನಾಯಿಗೆ ಉರಿಯಿಲ್ಲ, ಪದೇ ಪದೇ ಕೂರುವುದಿಲ್ಲ, ಮೂತ್ರದಲ್ಲಿ ರಕ್ತವಿಲ್ಲ ಎಂದಾದರೆ ಅದನ್ನು ಬಿಟ್ಟುಬಿಡುವುದೇ ಇಂದಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಸಲಹೆ. ಬೆಳೆದದ್ದು ಹಲವು ಔಷಧಗಳಿಗೆ ಬಗ್ಗದ ಜಾತಿಯಾಗಿದ್ದರೂ ಈ ಮಾತು ಬದಲಾಗುವುದಿಲ್ಲ. ವರದಿಯಲ್ಲಿ ಅಷ್ಟು ಕೆಂಪಕ್ಷರ ಕಂಡ ಮೇಲೆ ಸುಮ್ಮನಿರುವುದು ಕಷ್ಟ, ಒಪ್ಪುತ್ತೇನೆ.

ಚರ್ಮ ಮತ್ತು ಕಿವಿಯ ವಿಷಯದಲ್ಲಿ ಅನುಮಾನ ಪರಿಹಾರಕ್ಕೆ ಒಂದು ಸರಳ ಉಪಾಯವಿದೆ. ಗುಳ್ಳೆಯ ಕೀವನ್ನೋ ಕಿವಿಯ ಕೊಳೆಯನ್ನೋ ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಐದು ಹತ್ತು ನಿಮಿಷದ ಕೆಲಸ. ದುಂಡನೆಯ ಬ್ಯಾಕ್ಟೀರಿಯಾವೇ, ಕಡ್ಡಿಯಂಥದ್ದೇ, ಯೀಸ್ಟೇ ಎಂಬುದು ಅಲ್ಲೇ ತಿಳಿಯುತ್ತದೆ. ಬಿಳಿ ರಕ್ತಕಣಗಳ ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ ಕಂಡರೆ ಸೋಂಕು ನಿಜ. ಸುಮ್ಮನೆ ಹೊರಗೆ ನಾಲ್ಕು ಕಂಡರೆ ಅವು ಅಲ್ಲಿನ ಒಕ್ಕಲುಗಳಷ್ಟೇ ಇರಬಹುದು. "ಸ್ಲೈಡ್ ನೋಡಿದಿರಾ?" ಎಂದು ಕೇಳುವುದು ಮರ್ಯಾದೆಗೇಡಲ್ಲ. ಕೇಳಿ.

ಹೆಜ್ಜೆ 2: ಹಳೆಯ ಕಥೆಯನ್ನು ತಾರೀಖಿನ ಸಮೇತ ತನ್ನಿ

ಆಸ್ಪತ್ರೆಗೆ ಹೊರಡುವ ಮುನ್ನ ಹಳೆಯ ಚೀಟಿ, ಮಾತ್ರೆಯ ಖಾಲಿ ಪಟ್ಟಿ, ಕಿವಿ ಹನಿಯ ಬಾಟಲಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಯಾವ ಔಷಧ, ಎಷ್ಟು, ದಿನಕ್ಕೆ ಎಷ್ಟು ಸಲ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆದುಕೊಳ್ಳಿ. ತಪ್ಪಿಸಿದ ಡೋಸ್‌ಗಳನ್ನೂ ನಾಚಿಕೆಯಿಲ್ಲದೆ ಬರೆಯಿರಿ. ನಾಯಿ ಮಾತ್ರೆಯನ್ನು ಸೋಫಾದ ಹಿಂದೆ ಉಗುಳಿದ್ದು ಆಮೇಲೆ ಗೊತ್ತಾಗಿದ್ದರೆ ಅದೂ ಸೇರಲಿ. ನಾಯಿಯ ಈಗಿನ ತೂಕ ನೋಡಿಸಿ. ಕಳೆದ ವರ್ಷದ ತೂಕಕ್ಕೆ ಲೆಕ್ಕ ಹಾಕಿದ ಡೋಸ್ ಈ ವರ್ಷ ದಪ್ಪಗಾದ ನಾಯಿಗೆ ಸಾಲದು.

ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಒಂದೇ: ಔಷಧ ಕೊಡುವಾಗ ಏನಾಯಿತು? ಪೂರ್ತಿ ವಾಸಿಯಾಗಿ, ನಿಲ್ಲಿಸಿದ ಕೆಲವು ವಾರಕ್ಕೆ ಮತ್ತೆ ಬಂತು ಎಂದಾದರೆ ಔಷಧ ತನ್ನ ಕೆಲಸ ಮಾಡಿದೆ. ಆಗ ಹುಡುಕಬೇಕಾದದ್ದು ನಿರೋಧಕತೆಯನ್ನಲ್ಲ (ಎಂದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಿರುವುದನ್ನಲ್ಲ), ಸೋಂಕನ್ನು ಮತ್ತೆ ಮತ್ತೆ ಕರೆಯುತ್ತಿರುವ ಮೂಲವನ್ನು. ಅಲರ್ಜಿ, ಚಿಗಟ, ಡೆಮೊಡೆಕ್ಸ್ ಎಂಬ ನುಸಿ, ಥೈರಾಯ್ಡ್ ಕೊರತೆ, ಕುಶಿಂಗ್ಸ್ ಕಾಯಿಲೆ, ಮೂತ್ರಕೋಶದ ಕಲ್ಲು, ಇವೆಲ್ಲ ಪಟ್ಟಿಯಲ್ಲಿವೆ. ಔಷಧ ಶುರು ಮಾಡಿದ ಮೇಲೂ ಒಂದಿಷ್ಟೂ ಕಡಿಮೆಯಾಗಲಿಲ್ಲ ಎಂದಾದರೆ ನಿರೋಧಕತೆಯ ಅನುಮಾನ ಗಟ್ಟಿಯಾಗುತ್ತದೆ. ರೋಗವನ್ನೇ ತಪ್ಪಾಗಿ ಗುರುತಿಸಿರಬಹುದು ಎಂಬ ಅನುಮಾನವೂ. ಅರ್ಧ ವಾಸಿಯಾಗಿ ಅಲ್ಲೇ ನಿಂತಿದ್ದರೆ ಎರಡು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗಿರಬಹುದು, ಇಲ್ಲವೇ ಒಳಗೆ ಏನೋ ಸಿಕ್ಕಿಕೊಂಡಿರಬಹುದು.

ಈ ಕೊನೆಯದನ್ನು ನಾನು ಪೆಟ್ಟು ತಿಂದು ಕಲಿತೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ನಾಯಿಯ ಒಂದೇ ಕಿವಿ ಮೂರು ತಿಂಗಳು ಸೋರುತ್ತಿತ್ತು. ಮೂರು ಸಲ ಮೂರು ಬಗೆಯ ಔಷಧ ಬರೆದೆ, ಪ್ರತಿ ಸಲವೂ ಹಿಂದಿನದಕ್ಕಿಂತ "ಮೇಲಿನದು". ನಾಲ್ಕನೆಯ ಸಲ ಹಿರಿಯ ಸಹೋದ್ಯೋಗಿಯೊಬ್ಬರು ನಾಯಿಗೆ ಅರಿವಳಿಕೆ ಕೊಟ್ಟು ಕಿವಿಯನ್ನು ಪೂರ್ತಿ ತೊಳೆದು ನೋಡಿದರು. ತಳದಲ್ಲಿ ಹುಲ್ಲಿನ ತೆನೆಯ ಒಂದು ಮುಳ್ಳು ಚುಚ್ಚಿಕೊಂಡು ಕೂತಿತ್ತು. ಅದನ್ನು ತೆಗೆದರು. ಅಷ್ಟರೊಳಗೆ ನನ್ನ ಮೂರು ಔಷಧಗಳ ಕೃಪೆಯಿಂದ ಆ ಕಿವಿಯಲ್ಲಿ ಉಳಿದಿದ್ದದ್ದು ಸ್ಯೂಡೊಮೊನಾಸ್ ಒಂದೇ.

ಹೆಜ್ಜೆ 3: ಮಾತ್ರೆಗಿಂತ ಮೊದಲು ಮಾದರಿ

ಎಲ್ಲ ಸೋಂಕಿಗೂ ಕಲ್ಚರ್ ಪರೀಕ್ಷೆ, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ, ಬೇಕಿಲ್ಲ. ಮೊದಲ ಬಾರಿಗೆ ಬಂದ ಸಾದಾ ಕೀವುಗುಳ್ಳೆಗೆ ಸ್ಲೈಡ್ ನೋಡಿ ಚಿಕಿತ್ಸೆ ಶುರು ಮಾಡಬಹುದು. ಆದರೆ ಈ ಸಂದರ್ಭಗಳಲ್ಲಿ ಪರೀಕ್ಷೆ ಆಗಲೇಬೇಕು ಎಂದು ನೀವೇ ಹಟ ಹಿಡಿಯಿರಿ: ಸರಿಯಾದ ಔಷಧವನ್ನು ಸರಿಯಾಗಿ ಕೊಟ್ಟರೂ ಗುಣವಾಗದಿದ್ದಾಗ, ಸೋಂಕು ಮರುಕಳಿಸಿದಾಗ, ಸ್ಲೈಡ್‌ನಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಂಡಾಗ, ಚರ್ಮದ ಆಳಕ್ಕೆ ಇಳಿದು ರಂಧ್ರಗಳಿಂದ ಕೀವು ಒಸರುತ್ತಿರುವಾಗ, ಶಸ್ತ್ರಚಿಕಿತ್ಸೆಯ ಗಾಯ ಕೀವಾದಾಗ, ಮೂತ್ರಪಿಂಡ ಅಥವಾ ಪ್ರಾಸ್ಟೇಟ್ ಗ್ರಂಥಿಗೆ ಸೋಂಕು ತಗುಲಿದಾಗ, ಈ ಹಿಂದೆ ನಿರೋಧಕ ಬ್ಯಾಕ್ಟೀರಿಯಾ ಸಿಕ್ಕಿದ್ದ ನಾಯಿಯಾದಾಗ, ನಾಯಿ ಇತ್ತೀಚೆಗೆ ಆಸ್ಪತ್ರೆಯಲ್ಲಿ ಹಲವು ದಿನ ಒಳರೋಗಿಯಾಗಿದ್ದಾಗ.

ಮಾದರಿ ಕೆಟ್ಟರೆ ವರದಿಯೂ ಕೆಟ್ಟಂತೆ. ಮೂತ್ರವನ್ನು ನಾಯಿ ಹುಯ್ಯುವಾಗ ಬಟ್ಟಲಲ್ಲಿ ಹಿಡಿದು ತಂದರೆ ಚರ್ಮದ, ಕೂದಲಿನ, ನೆಲದ ಬ್ಯಾಕ್ಟೀರಿಯಾ ಎಲ್ಲ ಅದರಲ್ಲಿ ಬಂದು ಬೀಳುತ್ತವೆ. ಕಲ್ಚರ್‌ಗೆ ಬೇಕಾದದ್ದು ಹೊಟ್ಟೆಯ ಗೋಡೆಯ ಮೂಲಕ ಸಣ್ಣ ಸೂಜಿ ಹಾಕಿ ಮೂತ್ರಕೋಶದಿಂದ ನೇರವಾಗಿ ಎಳೆದ ಮೂತ್ರ. ನೋಡಲು ಭಯ, ನಾಯಿಗೆ ಮಾತ್ರ ಸಾಮಾನ್ಯ ಇಂಜೆಕ್ಷನ್‌ನಷ್ಟೇ ನೋವು. ಆ ದಿನ ಬೆಳಿಗ್ಗೆ ನಾಯಿ ಮೂತ್ರ ಹುಯ್ಯದಂತೆ ಸ್ವಲ್ಪ ಹೊತ್ತು ತಡೆದು ಕರೆತಂದರೆ ವೈದ್ಯರಿಗೆ ಉಪಕಾರ. ಲ್ಯಾಬ್‌ಗೆ ಹೋಗುವವರೆಗೆ ಅದು ಫ್ರಿಜ್‌ನಲ್ಲಿರಬೇಕು. ಮೇಜಿನ ಮೇಲೆ ಅರ್ಧ ದಿನ ಕೂತ ಮೂತ್ರದಲ್ಲಿ ಬ್ಯಾಕ್ಟೀರಿಯಾಗಳು ಸಂಸಾರ ಬೆಳೆಸಿಬಿಡುತ್ತವೆ.

ಚರ್ಮದ್ದಾದರೆ ಒಡೆಯದ ಗುಳ್ಳೆಯನ್ನು ಆರಿಸಿ, ಶುದ್ಧ ಸೂಜಿಯಿಂದ ಅದರ ತಲೆ ಎತ್ತಿ, ಒಳಗಿನ ಕೀವನ್ನು ಸ್ವಾಬ್‌ಗೆ ಹಿಡಿಯಬೇಕು. ಗುಳ್ಳೆಯ ಮೇಲೆ ಮೊದಲು ಸ್ಪಿರಿಟ್ ಉಜ್ಜಿದರೆ ಹಿಡಿಯಬೇಕಾದ ಬ್ಯಾಕ್ಟೀರಿಯಾವೇ ಸತ್ತುಹೋಗುತ್ತದೆ. ಗುಳ್ಳೆ ಸಿಗದಿದ್ದರೆ ಹೊಪ್ಪಳೆಯ ಅಂಚನ್ನು ಎತ್ತಿ ಅಡಿಯಿಂದ ತೆಗೆಯುತ್ತಾರೆ. ಆಳದ ಸೋಂಕಿಗೆ ಇದು ತಿರುವುಮುರುವು: ಮೇಲ್ಮೈಯನ್ನು ಚೆನ್ನಾಗಿ ಶುಚಿ ಮಾಡಿ, ಒಳಗಿನ ಮಾಂಸದ ಒಂದು ತುಣುಕನ್ನೇ ಕಳಿಸಬೇಕು. ಹೊರಗೆ ಹರಿದ ಕೀವನ್ನು ಸವರಿ ಕಳಿಸಿದರೆ ದಾರಿಹೋಕರ ಹೆಸರುಗಳು ಬರುತ್ತವೆ.

ಹೊರಕಿವಿಯ ಸೋಂಕಿಗೆ ಕಲ್ಚರ್‌ನ ಬೆಲೆ ಸ್ವಲ್ಪ ಕಡಿಮೆ. ವರದಿಯಲ್ಲಿನ "ನಿರೋಧಕ" ಎಂಬ ತೀರ್ಮಾನ, ಮಾತ್ರೆ ನುಂಗಿದಾಗ ರಕ್ತದಲ್ಲಿ ಸಿಗುವ ಔಷಧದ ಮಟ್ಟವನ್ನು ನೋಡಿ ಮಾಡಿದ್ದು. ಕಿವಿಗೆ ನೇರವಾಗಿ ಹನಿ ಹಾಕಿದರೆ ಅದರ ನೂರಾರು ಪಟ್ಟು ಸಾಂದ್ರತೆ ಸಿಗುತ್ತದೆ. ಹಾಗಾಗಿ ವರದಿಯಲ್ಲಿ ಸೋತ ಔಷಧ ಕಿವಿಯಲ್ಲಿ ಗೆಲ್ಲುವುದುಂಟು.

ನಾಯಿ ಈಗಾಗಲೇ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿದೆ ಎಂಬ ಕಾರಣಕ್ಕೆ ಮಾದರಿಯನ್ನು ಕೈಬಿಡಬೇಡಿ. ಔಷಧದ ನಡುವೆಯೂ ಹೊಸ ಗುಳ್ಳೆ ಏಳುತ್ತಿದ್ದರೆ ಅದರಲ್ಲಿರುವುದು ಆ ಔಷಧವನ್ನು ಗೆದ್ದ ಬ್ಯಾಕ್ಟೀರಿಯಾವೇ. ಲ್ಯಾಬ್‌ನ ಅರ್ಜಿಯಲ್ಲಿ ಮಾದರಿ ಎಲ್ಲಿಯದು, ಹೇಗೆ ತೆಗೆದದ್ದು, ಯಾವ ಔಷಧ ನಡೆಯುತ್ತಿದೆ ಎಂದು ಬರೆದಿದೆಯೇ ಎಂದು ಒಮ್ಮೆ ಕಣ್ಣಾಡಿಸಿ.

ಹೆಜ್ಜೆ 4: ವರದಿ ಬರುವವರೆಗೆ

ಬ್ಯಾಕ್ಟೀರಿಯಾ ಬೆಳೆಯಲು ಒಂದು ದಿನ, ಔಷಧಗಳ ಎದುರು ನಿಲ್ಲಿಸಿ ನೋಡಲು ಇನ್ನೊಂದು ದಿನ. ಸಾಗಣೆ ಸೇರಿ ಎರಡರಿಂದ ನಾಲ್ಕು ದಿನವಾದರೂ ಬೇಕು.

ಕಾಯಬಾರದ ಸಂದರ್ಭಗಳಿವೆ. ನಾಯಿ ನಿಲ್ಲಲಾರದೆ ಕುಸಿಯುತ್ತಿದೆ, ಒಸಡು ಬಿಳಿಚಿದೆ ಅಥವಾ ಇಟ್ಟಿಗೆ ಕೆಂಪಾಗಿದೆ, ಉಸಿರು ಮತ್ತು ನಾಡಿ ಓಡುತ್ತಿವೆ, ಮೈ ಸುಡುತ್ತಿದೆ ಇಲ್ಲವೇ ತಣ್ಣಗಾಗಿದೆ ಎಂದರೆ ಸೋಂಕು ರಕ್ತಕ್ಕೆ ಇಳಿದಿರಬಹುದು. ಗರ್ಭಕೋಶದಲ್ಲಿ ಕೀವು ತುಂಬಿದ ಹೆಣ್ಣುನಾಯಿ ಈ ಸ್ಥಿತಿಗೆ ಬೇಗ ಬರುತ್ತದೆ. ಇಲ್ಲಿ ಮಾದರಿ ತೆಗೆದುಕೊಂಡು, ಅದೇ ಗಳಿಗೆಯಲ್ಲಿ ವಿಶಾಲ ವ್ಯಾಪ್ತಿಯ ಔಷಧವನ್ನು ರಕ್ತನಾಳಕ್ಕೆ ಕೊಡುವುದೇ ಸರಿ; ವರದಿ ಬಂದ ಮೇಲೆ ವ್ಯಾಪ್ತಿ ಕಿರಿದಾದ ಔಷಧಕ್ಕೆ ಇಳಿಸಬಹುದು. ಹೀಗೆ ಇಳಿಸುವುದನ್ನು ಬಹಳ ಮಂದಿ ಮರೆಯುತ್ತಾರೆ. ಏರಿಸಿದಷ್ಟು ಸುಲಭವಾಗಿ ಇಳಿಸುವ ಮನಸ್ಸು ನಮಗ್ಯಾರಿಗೂ ಬರುವುದಿಲ್ಲ.

ಉಳಿದವರಲ್ಲಿ ಹೆಚ್ಚಿನವರು ಕಾಯಬಹುದು. ಮೂತ್ರದ ಉರಿಗೆ ವೈದ್ಯರು ನಾಯಿಗೆಂದೇ ಇರುವ ನೋವುನಿವಾರಕ ಕೊಡುತ್ತಾರೆ, ಚರ್ಮಕ್ಕೆ ಔಷಧದ ಸ್ನಾನ ಶುರು ಮಾಡಿಸುತ್ತಾರೆ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಮಾತ್ರ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು.

ಹೆಜ್ಜೆ 5: ವರದಿಯನ್ನು ವೈದ್ಯರ ಜೊತೆ ಕೂತು ಓದಿ

ವರದಿಯಲ್ಲಿ ಬ್ಯಾಕ್ಟೀರಿಯಾದ ಹೆಸರು, ಔಷಧಗಳ ಸಾಲು, ಪ್ರತಿಯೊಂದರ ಮುಂದೆ ಎಸ್, ಐ ಅಥವಾ ಆರ್ ಎಂಬ ಅಕ್ಷರ ಇರುತ್ತದೆ. ಎಸ್ ಎಂದರೆ ಸಾಮಾನ್ಯ ಡೋಸ್‌ಗೆ ಬಗ್ಗುತ್ತದೆ, ಆರ್ ಎಂದರೆ ಬಗ್ಗುವುದಿಲ್ಲ. ಐ ನಡುವಿನದು: ಡೋಸ್ ಹೆಚ್ಚಿಸಿದರೆ ಅಥವಾ ಮೂತ್ರದಂಥ ಔಷಧ ದಟ್ಟವಾಗಿ ಸೇರುವ ಜಾಗವಾದರೆ ನಾಟೀತು.

ಪಕ್ಕದಲ್ಲಿ ಎಂಐಸಿ ಎಂಬ ಅಂಕಿಯೂ ಇರಬಹುದು. ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲಿಸಲು ಬೇಕಾದ ಕನಿಷ್ಠ ಸಾಂದ್ರತೆ ಅದು. ಎಲ್ಲರೂ, ಕೆಲವು ವೈದ್ಯರೂ ಸೇರಿ, ಎಡವುವುದು ಇಲ್ಲೇ. ಒಂದು ಔಷಧದ ಮುಂದೆ 0.5, ಇನ್ನೊಂದರ ಮುಂದೆ 4 ಇದ್ದರೆ 0.5 ಇರುವುದೇ ಉತ್ತಮ ಎಂದು ತೀರ್ಮಾನಿಸಿಬಿಡುತ್ತಾರೆ. ಪ್ರತಿ ಔಷಧಕ್ಕೂ ಅದರದೇ ಮಿತಿಯಿದೆ. ಬೇರೆ ಬೇರೆ ಔಷಧಗಳ ಅಂಕಿಗಳನ್ನು ಹೋಲಿಸಿ ನೋಡುವುದು ಒಬ್ಬರ ಎತ್ತರವನ್ನು ಇನ್ನೊಬ್ಬರ ತೂಕದ ಜೊತೆ ಹೋಲಿಸಿದ ಹಾಗೆ.

ಮುಂದೆ ನೋಡಬೇಕಾದದ್ದು ಆಕ್ಸಸಿಲಿನ್ ಸಾಲನ್ನು. ಸ್ಟ್ಯಾಫಿಲೊಕಾಕಸ್ ಸೂಡಿಂಟರ್‌ಮೀಡಿಯಸ್‌ನಲ್ಲಿ ಆಕ್ಸಸಿಲಿನ್ ಮುಂದೆ ಆರ್ ಇದ್ದರೆ ಅದು ಎಂಆರ್‌ಎಸ್‌ಪಿ. ಆಗ ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಆಮ್ಲ, ಸೆಫಲೆಕ್ಸಿನ್, ಎರಡು ವಾರಕ್ಕೆ ಒಂದೇ ಇಂಜೆಕ್ಷನ್ ಎಂದು ಜನಪ್ರಿಯವಾದ ಸೆಫೊವೆಸಿನ್, ಈ ಎಲ್ಲದರ ಆಸೆಯನ್ನೂ ಬಿಡಬೇಕು. ಕಾಗದದಲ್ಲಿ ಇವುಗಳಲ್ಲಿ ಒಂದರ ಮುಂದೆ ಎಸ್ ಎಂದು ಅಚ್ಚಾಗಿದ್ದರೂ ಕೂಡ. ಎರಿತ್ರೊಮೈಸಿನ್‌ಗೆ ಆರ್, ಕ್ಲಿಂಡಾಮೈಸಿನ್‌ಗೆ ಎಸ್ ಎಂದು ಬಂದಿದ್ದರೆ ಲ್ಯಾಬ್ ಡಿ-ಟೆಸ್ಟ್ ಮಾಡಿದೆಯೇ ಎಂದು ವೈದ್ಯರು ವಿಚಾರಿಸಲಿ. ಕ್ಲಿಂಡಾಮೈಸಿನ್ ಶುರು ಮಾಡಿದ ಮೇಲೆ ತಲೆ ಎತ್ತುವ ನಿರೋಧಕತೆಯನ್ನು ಆ ಪರೀಕ್ಷೆ ಮೊದಲೇ ತೋರಿಸಿಕೊಡುತ್ತದೆ.

ಎಸ್ ಎಂದಿದ್ದರೆ ಸಾಲದು, ಔಷಧ ಆ ಜಾಗಕ್ಕೆ ತಲುಪಬೇಕು. ನೈಟ್ರೊಫ್ಯುರಾಂಟೋಯಿನ್ ಮೂತ್ರಕೋಶದಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ. ಮೂತ್ರಪಿಂಡದ ಸೋಂಕಿಗೆ ಅದು ನಿಷ್ಪ್ರಯೋಜಕ. ಪ್ರಾಸ್ಟೇಟ್ ಒಳಗೆ ಅಮಾಕ್ಸಿಸಿಲಿನ್ ಸರಿಯಾಗಿ ಇಳಿಯುವುದಿಲ್ಲ, ಎನ್ರೊಫ್ಲಾಕ್ಸಸಿನ್‌ನಂಥ ಫ್ಲೂರೊಕ್ವಿನೊಲೋನ್ ಇಳಿಯುತ್ತದೆ. ಜೆಂಟಾಮೈಸಿನ್ ಕೀವಿನ ಗಡ್ಡೆಯೊಳಗೆ ಶಕ್ತಿ ಕಳೆದುಕೊಳ್ಳುತ್ತದೆ. ಫ್ಲೂರೊಕ್ವಿನೊಲೋನ್‌ಗಳು ಬೆಳೆಯುವ ಮರಿಗಳ ಕೀಲಿನ ಮೃದ್ವಸ್ಥಿಗೆ ಹಾನಿ ಮಾಡಬಲ್ಲವು. ಇಂಥ ನಾಲ್ಕಾರು ಲೆಕ್ಕಗಳನ್ನು ಹಾಕಿಯೇ ವೈದ್ಯರು ಒಂದನ್ನು ಆರಿಸಬೇಕು. ಏಕೆ ಇದೇ ಎಂದು ಕೇಳಿದರೆ ಅವರು ಎರಡು ವಾಕ್ಯದಲ್ಲಿ ಹೇಳುವಂತಿರಬೇಕು.

ವರದಿಯ ತಳದಲ್ಲಿ ಮೆರೊಪೆನೆಮ್, ವ್ಯಾಂಕೊಮೈಸಿನ್, ಲಿನೆಜೊಲಿಡ್ ಹೆಸರುಗಳ ಮುಂದೆ ಮಾತ್ರ ಎಸ್ ಉಳಿದಿರುವುದೂ ಉಂಟು. ಇವು ಮನುಷ್ಯರ ಜೀವ ಉಳಿಸಲು ಕೊನೆಗೆ ಉಳಿದಿರುವ ಔಷಧಗಳು. ಯುರೋಪಿಯನ್ ಒಕ್ಕೂಟ 2022ರಲ್ಲಿ ಮಾಡಿದ ಪಟ್ಟಿಯ ಪ್ರಕಾರ ಇವು ಮನುಷ್ಯರಿಗೇ ಮೀಸಲು, ಪ್ರಾಣಿಗಳಿಗೆ ಕೊಡುವಂತಿಲ್ಲ. ಕಾನೂನು ಏನೇ ಇರಲಿ, ಚರ್ಮದ ಗುಳ್ಳೆಗೆ ಇವನ್ನು ಮುಟ್ಟುವುದನ್ನು ನಾನು ಒಪ್ಪಲಾರೆ. ಅದರಲ್ಲೂ ಬೇರೆ ದಾರಿ ಇರುವಾಗ.

ಹೆಜ್ಜೆ 6: ಹೊರಗಿನಿಂದ ಚಿಕಿತ್ಸೆ, ಮೂಲಕ್ಕೆ ಚಿಕಿತ್ಸೆ

ಆ ಬೇರೆ ದಾರಿ ಬಕೆಟ್ ಮತ್ತು ಶಾಂಪೂ. ಎಂಆರ್‌ಎಸ್‌ಪಿ ಎಂಬ ಹೆಸರು ಕೇಳಿದರೆ ಭೀಕರ ಎನಿಸುತ್ತದೆ, ಆದರೆ ಅದು ತರುವ ಗುಳ್ಳೆ ಸಾದಾ ತಳಿಯ ಗುಳ್ಳೆಗಿಂತ ಕ್ರೂರವಲ್ಲ. ವ್ಯತ್ಯಾಸ ಔಷಧದ ಆಯ್ಕೆಯಲ್ಲಿ ಮಾತ್ರ. ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕಕ್ಕೆ ಈ ತಳಿಗಳೂ ಸಾಮಾನ್ಯವಾಗಿ ಬಗ್ಗುತ್ತವೆ. ಶೇಕಡಾ 2ರಿಂದ 4ರಷ್ಟು ಕ್ಲೋರ್‌ಹೆಕ್ಸಿಡಿನ್ ಇರುವ, ನಾಯಿಗೆಂದೇ ಮಾಡಿದ ಶಾಂಪೂವಿನಿಂದ ವಾರಕ್ಕೆ ಎರಡು ಮೂರು ಸಲ ಮೀಯಿಸಿದರೆ, ಮೇಲ್ಪದರದ ಸೋಂಕು ಒಂದೂ ಮಾತ್ರೆಯಿಲ್ಲದೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈಗಿನ ಮಾರ್ಗಸೂಚಿಗಳೂ ಮೇಲ್ಪದರದ ಸೋಂಕಿಗೆ ಮೊದಲ ಆಯ್ಕೆಯಾಗಿ ಇದನ್ನೇ ಹೇಳುತ್ತವೆ.

ಗುಟ್ಟು ಇರುವುದು ಕಾಯುವುದರಲ್ಲಿ. ನೊರೆ ಚರ್ಮಕ್ಕೆ ತಾಗಿ ಹತ್ತು ನಿಮಿಷ ಇರಬೇಕು. ಅಂದಾಜಿನ ಹತ್ತು ನಿಮಿಷ ಯಾವಾಗಲೂ ಮೂರೇ ನಿಮಿಷವಾಗಿರುತ್ತದೆ, ಆದ್ದರಿಂದ ಮೊಬೈಲ್‌ನಲ್ಲಿ ಅಲಾರಂ ಇಡಿ. ಉದ್ದ ಕೂದಲಿನ ನಾಯಿಯಾದರೆ ಸೋಂಕಿರುವ ಕಡೆ ಕೂದಲು ಕತ್ತರಿಸಿ. ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಕಿವಿಯೊಳಗೆ ಮಾತ್ರ ನಿಮ್ಮ ಬುದ್ಧಿಯಿಂದ ಏನನ್ನೂ ಸುರಿಯಬೇಡಿ. ಕಿವಿತಮಟೆ ಒಡೆದಿದ್ದರೆ ಕ್ಲೋರ್‌ಹೆಕ್ಸಿಡಿನ್ ಮತ್ತು ಜೆಂಟಾಮೈಸಿನ್‌ನಂಥವು ಕಿವುಡುತನ ತರಬಲ್ಲವು. ತಮಟೆ ನೋಡಿದ ಮೇಲೆ ವೈದ್ಯರೇ ಟ್ರಿಸ್-ಇಡಿಟಿಎ ದ್ರಾವಣ ಸೂಚಿಸಬಹುದು. ಅದು ಸ್ಯೂಡೊಮೊನಾಸ್‌ನ ಹೊರಪದರವನ್ನು ಸಡಿಲಗೊಳಿಸಿ, ಹಿಂದೆಯೇ ಹಾಕುವ ಹನಿಗೆ ದಾರಿ ಮಾಡಿಕೊಡುತ್ತದೆ.

ಇದರ ಜೊತೆಜೊತೆಗೆ ಮೂಲವನ್ನು ತೆಗೆಯಬೇಕು. ಕಲ್ಲಿದ್ದರೆ ಕಲ್ಲು, ಹಳೆಯ ಹೊಲಿಗೆ ದಾರವಿದ್ದರೆ ದಾರ, ಮೂಳೆಗೆ ಹಾಕಿದ ಲೋಹದ ಪಟ್ಟಿಯ ಮೇಲೆ ಸೋಂಕು ಕೂತಿದ್ದರೆ ಮೂಳೆ ಕೂಡಿದ ಬಳಿಕ ಆ ಪಟ್ಟಿ. ಅಲರ್ಜಿಯನ್ನು ಹತೋಟಿಗೆ ತರದೆ ಕೀವುಗುಳ್ಳೆಗೆ ಮಾತ್ರೆ ನುಂಗಿಸುತ್ತಾ ಹೋಗುವುದು ನಲ್ಲಿ ತಿರುಗಿಸದೆ ನೆಲ ಒರೆಸಿದಂತೆ.

ಹೆಜ್ಜೆ 7: ಮಾತ್ರೆ ಕೊಡುವಾಗ

ಡೋಸ್ ತಪ್ಪದಿರಲಿ. ತಪ್ಪಿದರೆ ಮುಂದಿನದಕ್ಕೆ ಎರಡು ಕೊಡಬೇಡಿ. ಫ್ಲೂರೊಕ್ವಿನೊಲೋನ್ ಅಥವಾ ಡಾಕ್ಸಿಸೈಕ್ಲಿನ್ ಜೊತೆಗೆ ಕ್ಯಾಲ್ಸಿಯಂ ಮಾತ್ರೆ, ಅಲ್ಯೂಮಿನಿಯಂ ಇಲ್ಲವೇ ಮೆಗ್ನೀಸಿಯಂ ಇರುವ ಆಮ್ಲಶಾಮಕ ಒಟ್ಟಿಗೆ ಬೇಡ, ಹೊಟ್ಟೆಯಲ್ಲೇ ಔಷಧವನ್ನು ಕಟ್ಟಿಹಾಕುತ್ತವೆ. ಮನುಷ್ಯರ ಸಿಪ್ರೊಫ್ಲಾಕ್ಸಸಿನ್ ನಾಯಿಯ ಹೊಟ್ಟೆಯಿಂದ ರಕ್ತಕ್ಕೆ ಸೇರುವ ಪ್ರಮಾಣ ಒಂದೊಂದು ನಾಯಿಯಲ್ಲಿ ಒಂದೊಂದು ಥರ, ಹಲವುಗಳಲ್ಲಿ ತೀರ ಕಡಿಮೆ. ಆ ಅರೆಬರೆ ಮಟ್ಟವೇ ನಿರೋಧಕತೆಗೆ ಬೇಕಾದ ಹದ. ಮನೆಯಲ್ಲಿ ಉಳಿದದ್ದನ್ನು ಕೊಡುವ ಆಲೋಚನೆ ಬಂದರೆ ಇದು ನೆನಪಿರಲಿ.

"ಕೋರ್ಸ್ ಪೂರ್ತಿ ಮುಗಿಸಿ" ಎಂಬ ಹಳೆಯ ಮಾತಿನ ಬಗ್ಗೆ ಒಂದು ತಿದ್ದುಪಡಿ. ಕೋರ್ಸ್‌ಗಳೇ ಈಗ ಚಿಕ್ಕದಾಗಿವೆ. ಅಪರೂಪಕ್ಕೊಮ್ಮೆ ಬರುವ ಮೂತ್ರಕೋಶದ ಸೋಂಕಿಗೆ 2019ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು 3ರಿಂದ 5 ದಿನ ಮಾತ್ರ. ಮೂತ್ರಪಿಂಡದ ಸೋಂಕಿಗೆ 10ರಿಂದ 14 ದಿನ. ಹಿಂದೆಲ್ಲ ಎರಡು ವಾರ, ಮೂರು ವಾರ ಕೊಡುತ್ತಿದ್ದೆವು. ಚರ್ಮದ ಮೇಲ್ಪದರದ ಸೋಂಕಿಗೆ ಮಾತ್ರೆ ಅನಿವಾರ್ಯವಾದರೆ ಎರಡು ವಾರಕ್ಕೆ, ಆಳದ್ದಕ್ಕೆ ಮೂರು ವಾರಕ್ಕೆ ಬರೆದುಕೊಟ್ಟು, ಅದು ಮುಗಿಯುವ ಮುನ್ನ ಮತ್ತೆ ನೋಡಿ ತೀರ್ಮಾನಿಸುತ್ತಾರೆ. ಹಾಗಾಗಿ ನೀವಾಗಿಯೇ ನಿಲ್ಲಿಸಬೇಡಿ, ನೀವಾಗಿಯೇ ಮುಂದುವರಿಸಲೂ ಬೇಡಿ. ಮರುಭೇಟಿಯ ದಿನವನ್ನು ಔಷಧ ಕೊಳ್ಳುವ ದಿನವೇ ಗೊತ್ತು ಮಾಡಿಕೊಳ್ಳಿ. ಉಳಿದ ಮಾತ್ರೆಗಳನ್ನು ಚರಂಡಿಗೆ ಎಸೆಯದೆ ಆಸ್ಪತ್ರೆಗೆ ಮರಳಿಸಿ.

ಹೆಜ್ಜೆ 8: ಆಸ್ಪತ್ರೆಯೊಳಗೆ

ಇದು ಸಿಬ್ಬಂದಿಗೂ ಹೌದು, ಕಣ್ಣು ತೆರೆದುಕೊಂಡಿರುವ ನಾಯಿ ಸಾಕಿದವರಿಗೂ ಹೌದು. ನಿರೋಧಕ ಬ್ಯಾಕ್ಟೀರಿಯಾ ಗಾಳಿಯಲ್ಲಿ ಹಾರಿಬರುವುದಿಲ್ಲ, ಕೈಯಲ್ಲಿ ಬರುತ್ತದೆ. ಒಂದು ನಾಯಿಯಿಂದ ಇನ್ನೊಂದಕ್ಕೆ ಹೋಗುವ ನಡುವೆ ಕೈ ತೊಳೆಯುವುದು, ಇಲ್ಲವೇ ಆಲ್ಕೋಹಾಲ್ ದ್ರಾವಣವನ್ನು ಕೈ ಒಣಗುವವರೆಗೆ ಉಜ್ಜಿಕೊಳ್ಳುವುದು, ಇಡೀ ಕಟ್ಟಡದಲ್ಲಿ ಇದಕ್ಕಿಂತ ಪರಿಣಾಮಕಾರಿ ಉಪಾಯ ಇನ್ನೊಂದಿಲ್ಲ. ಕೈಯಲ್ಲಿ ಕೊಳೆ ಕಾಣುತ್ತಿದ್ದರೆ ಸೋಪು ನೀರೇ ಬೇಕು. ಕೈಗವಸು ಹಾಕಿಕೊಂಡೇ ಕಂಪ್ಯೂಟರ್ ಕೀಲಿಮಣೆ ಒತ್ತುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗವಸು ಅವರ ಕೈಯನ್ನಷ್ಟೇ ಕಾಪಾಡುತ್ತಿದೆ.

ಕಣ್ತಪ್ಪುವ ಜಾಗಗಳು: ಕೂದಲು ಕತ್ತರಿಸುವ ಯಂತ್ರದ ಬ್ಲೇಡ್, ಕಿವಿ ನೋಡುವ ಉಪಕರಣದ ತುದಿ, ಥರ್ಮಾಮೀಟರ್, ಸ್ಟೆತಸ್ಕೋಪ್, ಬಾಯಿಗವಚ, ಎಲ್ಲರ ಮೊಬೈಲ್. ಇನ್ನೊಂದಿದೆ, ಯಾರೂ ಅನುಮಾನಿಸದ್ದು: ಸೋಂಕುನಿವಾರಕದಲ್ಲಿ ನೆನೆಸಿದ ಹತ್ತಿಯ ಡಬ್ಬಿ. ಖಾಲಿಯಾಗುತ್ತಾ ಬಂದಂತೆ ತೊಳೆಯದೆ ಮೇಲೆ ಮೇಲೆ ತುಂಬುತ್ತಾ ಹೋದರೆ ಸೆರೇಷಿಯಾದಂಥ ಬ್ಯಾಕ್ಟೀರಿಯಾಗಳು ಆ ದ್ರಾವಣದಲ್ಲೇ ಬೆಳೆಯುತ್ತವೆ. ಶುಚಿ ಮಾಡುತ್ತೇವೆಂದು ಹಚ್ಚುವುದು ಅವನ್ನೇ. ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ, ಹೊಸದಾಗಿ ತುಂಬಬೇಕು. ನೆಲಕ್ಕೆ, ಪಂಜರಕ್ಕೆ ಹಾಕುವ ಬ್ಲೀಚ್ ಕೂಡ ಕೊಳೆಯ ಮೇಲೆ ಕೆಲಸ ಮಾಡುವುದಿಲ್ಲ. ಮೊದಲು ಸೋಪಿನಿಂದ ತೊಳೆ, ಆಮೇಲೆ ಸೋಂಕುನಿವಾರಕ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಇರಲಿ.

ನಿರೋಧಕ ಸೋಂಕಿನ ನಾಯಿಯನ್ನು ಕಾಯುವ ಕೋಣೆಯಲ್ಲಿ ಕೂರಿಸದೆ ನೇರವಾಗಿ ಪರೀಕ್ಷಾ ಕೋಣೆಗೆ, ಸಾಧ್ಯವಾದರೆ ದಿನದ ಕೊನೆಯ ಸರದಿಗೆ ಕರೆಯಬೇಕು. ಮೂತ್ರದ ಕ್ಯಾತಿಟರ್ (ಮೂತ್ರ ಹರಿಸುವ ಕೊಳವೆ) ಹಾಕಿದ ನಾಯಿಗೆ ಸೋಂಕು ಬಾರದಿರಲೆಂದು ಆಂಟಿಬಯೋಟಿಕ್ ಕೊಡುವ ರೂಢಿ ಹಲವೆಡೆ ಇದೆ. ಅದರಿಂದ ಸೋಂಕು ತಪ್ಪುವುದಿಲ್ಲ, ಬರುವ ಸೋಂಕು ನಿರೋಧಕ ತಳಿಯದ್ದಾಗುತ್ತದೆ ಅಷ್ಟೇ. ಮುಚ್ಚಿದ ಚೀಲ ಜೋಡಿಸಿ, ಒಂದು ದಿನ ಬೇಗ ಕ್ಯಾತಿಟರ್ ತೆಗೆಯುವುದು ಅದಕ್ಕಿಂತ ಮೇಲು. ಸಂತಾನಹರಣದಂಥ ಚಿಕ್ಕ, ಶುದ್ಧ ಶಸ್ತ್ರಚಿಕಿತ್ಸೆಗೆ ಆಂಟಿಬಯೋಟಿಕ್ ಬೇಕಾಗುವುದಿಲ್ಲ. ಬೇಕಾಗುವ ಶಸ್ತ್ರಚಿಕಿತ್ಸೆಗಳಲ್ಲಿ ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಕೊಡಬೇಕು. ಸೆಫಾಜೊಲಿನ್ ಆದರೆ ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಸುಮಾರು 90 ನಿಮಿಷಕ್ಕೊಮ್ಮೆ ಮತ್ತೆ. ಹೊಲಿಗೆ ಹಾಕಿದ ಮೇಲೆ ಮನೆಗೆ ಕಟ್ಟಿಕೊಡುವ ಒಂದು ವಾರದ ಮಾತ್ರೆ ಬಹುಪಾಲು ನಮ್ಮ ಅಂಜಿಕೆಗೆ ಕೊಟ್ಟ ಔಷಧ.

ಹೆಜ್ಜೆ 9: ಮನೆಯಲ್ಲಿ

ಎಂಆರ್‌ಎಸ್‌ಪಿ ಮನುಷ್ಯರಿಗೆ ಅಂಟಿ ಕಾಯಿಲೆ ತರುವುದು ಅಪರೂಪ. ಎಂಆರ್‌ಎಸ್‌ಎ (ಮನುಷ್ಯರಲ್ಲಿ ಹೆಚ್ಚು ಕಾಣುವ ಅಂಥದ್ದೇ ನಿರೋಧಕ ಸ್ಟ್ಯಾಫಿಲೊಕಾಕಸ್) ಮತ್ತು ನಿರೋಧಕ ಇ. ಕೊಲೈ ಮಾತ್ರ ಎರಡೂ ಕಡೆಗೆ ಓಡಾಡುತ್ತವೆ, ಎಂಆರ್‌ಎಸ್‌ಎ ಎಷ್ಟೋ ಸಲ ನಮ್ಮಿಂದಲೇ ನಾಯಿಗೆ ಹೋಗುತ್ತದೆ. ಗಾಯ ಮುಟ್ಟಿದ ಮೇಲೆ, ಮಲ ಎತ್ತಿದ ಮೇಲೆ ಕೈ ತೊಳೆಯುವುದು, ಸೋಂಕು ವಾಸಿಯಾಗುವವರೆಗೆ ನಾಯಿ ಮುಖ ನೆಕ್ಕದಂತೆ, ಹಾಸಿಗೆಯಲ್ಲಿ ಮಲಗದಂತೆ ನೋಡಿಕೊಳ್ಳುವುದು ಸಾಕು. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಈಗಷ್ಟೇ ಶಸ್ತ್ರಚಿಕಿತ್ಸೆಯಾದವರು, ಹಸುಗೂಸು ಇದ್ದರೆ ಅದನ್ನು ನಿಮ್ಮ ವೈದ್ಯರಿಗೂ ನಾಯಿಯ ವೈದ್ಯರಿಗೂ ತಿಳಿಸಿ. ಹಸಿ ಮಾಂಸ ತಿನ್ನುವ ನಾಯಿಗಳ ಮಲದಲ್ಲಿ ನಿರೋಧಕ ಇ. ಕೊಲೈ ಹೆಚ್ಚಾಗಿ ಕಂಡುಬಂದಿದೆ, ಬೇಯಿಸಿ ಹಾಕಿ.

ಗುಳ್ಳೆಗಳೆಲ್ಲ ಮಾಯವಾದ ಮೇಲೂ ನಾಯಿಯ ಮೂಗಿನಲ್ಲಿ, ಗುದದ ಸುತ್ತ ಎಂಆರ್‌ಎಸ್‌ಪಿ ತಿಂಗಳುಗಟ್ಟಲೆ ಉಳಿಯಬಹುದು. ಅದನ್ನು ಓಡಿಸಲೆಂದು ಆಂಟಿಬಯೋಟಿಕ್ ಕೊಡುವುದಿಲ್ಲ. ವರದಿಯ ಒಂದು ಪ್ರತಿಯ ಫೋಟೊ ಮೊಬೈಲ್‌ನಲ್ಲಿರಲಿ. ಮುಂದೆ ಲಸಿಕೆಗೋ ಹಲ್ಲಿಗೋ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಹೊರಡುವ ಮುಂಚೆಯೇ ಫೋನ್ ಮಾಡಿ, ಹಿಂದೆ ಇಂಥ ಬ್ಯಾಕ್ಟೀರಿಯಾ ಸಿಕ್ಕಿತ್ತು, ನಮ್ಮ ಸರದಿ ಬರುವವರೆಗೆ ಹೊರಗೇ ಕಾಯುತ್ತೇವೆ ಎಂದು ಹೇಳಿ.